ಕೊನೆಯ ಬೆಂಚಿಗೆ ಪೈಪೋಟಿ

ಪವಿತ್ರ ಗುರುವಾರದ ಸಂಜೆ ನಮ್ಮ ಸಾಗರದ ಚರ್ಚಿನಲ್ಲಿ ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರೆ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ. ಆ ಹನ್ನೆರಡು ಕುರ್ಚಿಗಳಲ್ಲಿ ಒಂದು ನಮ್ಮವರದು, ಅಂದರೆ ಆನಂದಪುರದಲ್ಲಿ ಸಿಮೆಂಟ್ ಅಂಗಡಿ ಇಟ್ಟಿರುವ ನನ್ನ ಗಂಡ ಎವರಿಸ್ಟ್ ಕ್ರಾಸ್ತಾರದು. ಅವರ ಅಪ್ಪನೂ ಅದರಲ್ಲೇ ಕೂರುತ್ತಿದ್ದರಂತೆ. ದೀನತೆ ನಮ್ಮ ಮನೆಗೆ ಪಿತ್ರಾರ್ಜಿತವಾಗಿ ಬಂದ ಆಸ್ತಿ.

ಈ ವರ್ಷ ಹೊಸನಗರದಿಂದ ವರ್ಗವಾಗಿ ಬಂದ ಫಾದರ್ ಅದಕ್ಕೆ ಕಲ್ಲು ಹಾಕಿದರು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಧ್ಯಾನಕೂಟದಲ್ಲಿ, "ದೇವರು ಆರಿಸೋದು ದೀನರನ್ನ. ಕೊನೆಯವರೇ ಮೊದಲಾಗ್ತಾರೆ. ಈ ಸಲ ಹೆಸರು ಮೊದಲೇ ಹೇಳಲ್ಲ, ಆ ಸಂಜೆ ಕೂತವರಲ್ಲೇ ಕರೀತೀನಿ" ಎಂದರು. ಜನ ಕಣ್ಣೊರೆಸಿಕೊಂಡರು, ಆತ್ಮ ಹೊಸದಾಯಿತು ಎಂದರು. ಊಟಕ್ಕೆ ಏಳುವಷ್ಟರಲ್ಲಿ ಲೆಕ್ಕಾಚಾರವೂ ಮುಗಿದಿತ್ತು: ಫಾದರ್ ಕರೆಯುವುದು ಕೊನೆಯ ಬೆಂಚಿನಿಂದ.

ಮುಂದಿನ ಭಾನುವಾರದಿಂದಲೇ ಹಿಂದಿನ ಬೆಂಚುಗಳಿಗೆ ನೂಕುನುಗ್ಗಲು. ಶಿವಮೊಗ್ಗದ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಹಾಗೆ ದೊಡ್ಡ ದೊಡ್ಡವರೆಲ್ಲ ಕರ್ಚೀಫು ಹಾಸಿ ಜಾಗ ಹಿಡಿದರು. ನಮ್ಮವರು ಮೊಣಕೈಯಿಂದ ತಿವಿದು ದೀನರಾದರು.

ಗುರುವಾರ ಮಧ್ಯಾಹ್ನ ಅವರ ಕಾಲಿನ ಸಿದ್ಧತೆ. ಫಾದರ್ ತೊಳೆಯುವ ಕಾಲು ಕೊಳೆಯಾಗಿದ್ದರೆ ಹೇಗೆ! ಮನೆಗೆಲಸದ ಆರೋಗ್ಯಮ್ಮ ನೀರು ಕಾಯಿಸಿ, ಅವರ ಹಿಮ್ಮಡಿಯನ್ನು ಕಲ್ಲಿನಿಂದ ತಿಕ್ಕಿದಳು. ಅವಳೂ ನಮ್ಮ ಚರ್ಚಿನವಳೇ. ಬಾಗಿಲ ಪಕ್ಕದ ಕೊನೆಯ ಬೆಂಚಿನ ಮೂಲೆ ಅವಳದು.

"ಅಮ್ಮ, ನಾನೂ ಪೂಜೆಗೆ ಹೋಗ್ಬೇಕಿತ್ತು" ಎಂದಳು.

"ಬಚ್ಚಲು ತಿಕ್ಕಿ ಹೋಗು ಮಾರಾಯ್ತಿ. ದೇವರೇನು ಓಡಿಹೋಗ್ತಾನಾ?" ಎಂದೆ.

ಅವಳು ಬಂದಾಗ ಪೂಜೆ ಶುರುವಾಗಿತ್ತು. ಅವಳ ಮೂಲೆಯಲ್ಲಿ ನಮ್ಮವರು ಕಣ್ಣು ಮುಚ್ಚಿ ಕೂತಿದ್ದರು, ಪಕ್ಕದಲ್ಲಿ ನಾನು. ಎಲ್ಲರೂ ಹಿಂದೆ ನುಗ್ಗಿ ಖಾಲಿ ಬಿಟ್ಟದ್ದು ಮುಂದಿನ ಎರಡು ಬೆಂಚು ಮಾತ್ರ. ಕೆಲಸ ಮುಗಿಸಿ ತಡವಾಗಿ ಬಂದ ಕೂಲಿಯವರೆಲ್ಲ ಅಲ್ಲೇ ಕೂತಿದ್ದರು. ಅವಳೂ ಸೆರಗು ಹೊದ್ದು ಅವರ ನಡುವೆ ಮುದುಡಿಕೊಂಡಳು.

ಫಾದರ್ ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಹಿಂದೊಮ್ಮೆ ಮುಂದೊಮ್ಮೆ ನೋಡಿದರು. ನಮ್ಮವರು ಆಗಲೇ ಪ್ಯಾಂಟಿನ ಅಂಚು ಮಡಚಿಕೊಂಡಿದ್ದರು.

"ಕೊನೆಯವರನ್ನ ಕರೀಬೇಕು ಅಂತಿದ್ದೆ. ಇವತ್ತು ಅವರೆಲ್ಲ ಇಲ್ಲೇ ಕೂತಿದ್ದಾರೆ" ಎಂದು ಫಾದರ್ ಮುಂದಿನ ಬೆಂಚುಗಳತ್ತ ಕೈ ತೋರಿಸಿದರು.

ಅವರು ತನ್ನ ಕುರ್ಚಿಯ ಮುಂದೆ ಮಂಡಿಯೂರಿದಾಗ ಆರೋಗ್ಯಮ್ಮ ಒಡೆದ ಹಿಮ್ಮಡಿಗಳನ್ನು ಸರಕ್ಕನೆ ಸೀರೆಯೊಳಗೆ ಎಳೆದುಕೊಂಡು ಏಳಹೋದಳು. "ಬ್ಯಾಡ ಫಾದರ್. ಕಾಲು ತೊಳೆಯೋದು ನನ್ ಕೆಲ್ಸ. ಈಗಷ್ಟೇ ಮುಗ್ಸಿ ಬಂದೆ."

"ಹಂಗಾದ್ರೆ ಇವತ್ತು ಆ ಕೆಲ್ಸ ನಾನು ಮಾಡ್ತೀನಿ. ನೀವು ಕೂತ್ಕೊಳ್ಳಿ ಅಮ್ಮ" ಎಂದರು ಫಾದರ್.

ಮೈಕು ಅವರ ಎದೆಯ ಮೇಲೇ ಇದ್ದುದರಿಂದ ಕೊನೆಯ ಬೆಂಚಿಗೂ ಚೆನ್ನಾಗಿ ಕೇಳಿಸಿತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಇಷ್ಟು ವರ್ಷದಲ್ಲಿ ಅವಳಿಗೆ ಕೂತ್ಕೋ ಎಂದು ನಾನು ಒಮ್ಮೆಯೂ ಹೇಳಿರಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ನಮ್ಮವರು ಬಹಳ ಹೊತ್ತು ಯೋಚಿಸಿ, "ಮುಂದಿನ ವರ್ಷ ಮುಂದಿನ ಬೆಂಚೇ ಹಿಡಿಯೋಣ ಕಣೇ. ಕಾಲು ತಿಕ್ಕೋಕೆ ಆರೋಗ್ಯಮ್ಮಂಗೆ ಸ್ವಲ್ಪ ಬೇಗ ಬರೋಕೆ ಹೇಳು" ಎಂದರು.

"ಹೇಳಲ್ಲ. ಬಚ್ಚಲಲ್ಲಿ ಕಲ್ಲಿದೆ, ನೀವೇ ತಿಕ್ಕೊಳ್ಳಿ" ಎಂದೆ.