ಹೊರೆ ಇಲ್ಲದ ಹೆಜ್ಜೆ

ಮಾನ್ವಿಯಲ್ಲಿ ಮಹಾಂತಯ್ಯನವರ ಅಕ್ಕಿ ಮಿಲ್ಲಿನ ಹಿಂದೆ ಒಂದು ಖಾಲಿ ಗೋದಾಮಿದೆ. ಭಾನುವಾರ ಮಧ್ಯಾಹ್ನ ಅಲ್ಲಿ ನಮ್ಮ ವಿಶಾಖಾ ನಮ್ಮಂಥ ಹೆಂಗಸರಿಗೆ ಜಪಾನಿನ ಅಪರಾಧದ ಹಳೆಯ ಸಿನೆಮಾ ತೋರಿಸುತ್ತಾಳೆ. ಯುದ್ಧ ಸೋತ ಮೇಲೆ ಆ ದೇಶದವರು ತೆಗೆದ ಕಪ್ಪು-ಬಿಳುಪಿನವು. ರಾಯಚೂರಿನ ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ. ಪರದೆಯ ಕೆಳಗೆ ಮೂಡುವ ಕನ್ನಡದ ಸಾಲುಗಳನ್ನು ತಾನೇ ಬರೆದು ಕೂಡಿಸಿದ್ದಾಳೆ. ನಾನು ರಾತ್ರಿ ಶಾಲೆಯಲ್ಲಿ ಓದು ಕಲಿತವಳು. ಮೊದಲ ವಾರ ಆ ಸಾಲುಗಳ ಹಿಂದೆ ಓಡಿ ಸಿನೆಮಾವನ್ನೇ ನೋಡಲಿಲ್ಲ. ಎರಡನೆಯ ವಾರ ಅಕ್ಷರ ಬಿಟ್ಟು ಮನುಷ್ಯರನ್ನು ನೋಡಿದೆ.

ಅಂದಿನ ಕಥೆಯಲ್ಲಿ ರೇಷನ್ ಉಗ್ರಾಣದ ಕಾವಲುಗಾರ ಕೊಲೆಯಾಗಿದ್ದ. ಒಂದು ಚೀಲ ಅಕ್ಕಿ ಇರಲಿಲ್ಲ. ಕೊಂದು ಹೋದವನ ಹೆಜ್ಜೆ ಕೆಸರಿನಲ್ಲಿ ಮೂಡಿದ್ದವು. ಚೀಲ ಹೊತ್ತವನೇ ಕೊಂದವನೆಂದು ಪೊಲೀಸರು ಒಬ್ಬ ಹಮಾಲನನ್ನು ಹಿಡಿದಿದ್ದರು. ನಮ್ಮ ಬೇಸಿಗೆಯಂಥದೇ ಸೆಕೆ. ಪೊಲೀಸ್ ಪತ್ತೇದಾರ ಕುತ್ತಿಗೆ ಒರೆಸಿಕೊಳ್ಳುತ್ತಲೇ ಇದ್ದ. ಅಷ್ಟರಲ್ಲಿ ಕರೆಂಟು ಹೋಯಿತು.

ಬಾಗಿಲಲ್ಲಿ ನಿಂತಿದ್ದ ಮಹಾಂತಯ್ಯ, "ಸಾಕ್ ಬಿಡವ್ವ ವಿಶಾಖಾ. ತಿಳೀಲಾರದ್ದು ತೋರಿಸಿ ಇವರ ನಿದ್ದಿ ಯಾಕ ಕೆಡಸ್ತಿ? ಮುಂದಿನ ವಾರದಿಂದ ಇಲ್ಲಿ ಭತ್ತದ ಚೀಲ ಹಾಕಸ್ತೀನಿ" ಎಂದರು.

ಹುಡುಗಿಯ ಮುಖ ಸಣ್ಣದಾಯಿತು. ಇನ್ನೂ ಐದು ಸಿನೆಮಾ ಉಳಿದಿದ್ದವು, ಬೇರೆ ಜಾಗವಿರಲಿಲ್ಲ. ನಾನು ಎದ್ದು ನಿಂತೆ. ಅವರ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಅಕ್ಕಿ ಹಸನು ಮಾಡಿದವಳು ನಾನು.

"ನಮಗ ತಿಳದದ ರೀ ಅಯ್ಯಾರ. ಹಮಾಲ ಕೊಂದಿಲ್ಲ."

"ಓಹೋ! ಜಪಾನಿ ಭಾಷಿ ಯಾವಾಗ ಕಲ್ತಿ ಬೇ ಯಮನಮ್ಮ?"

"ಕೆಸರಾಗಿನ ಹೆಜ್ಜಿಗೆ ಯಾವ ಭಾಷಿ ರೀ? ಒಬ್ಬರೂ ಮಾತಾಡ್ಲಾರ್ದ ಎಷ್ಟೊತ್ತು ಅದನ್ನ ತೋರಿಸಿದ್ರು! ಉದ್ದುದ್ದ ಹೆಜ್ಜಿ, ಹಿಮ್ಮಡ ಊರ್ಯಾವ. ಬೆನ್ನ ಮ್ಯಾಲ ಚೀಲ ಇದ್ದಾಂವ ಗಿಡ್ಡ ಹೆಜ್ಜಿ ಇಡ್ತಾನ, ಬೆರಳು ಒತ್ತಿ. ದಿನಾ ನೀವಾ ನೋಡ್ತೀರಲ್ಲ."

ಮಹಾಂತಯ್ಯ ಬೆನ್ನು ಬಾಗಿಸಿ ಎರಡು ಹೆಜ್ಜೆ ಇಟ್ಟು ತಮ್ಮ ಕಾಲನ್ನೇ ನೋಡಿಕೊಂಡರು. "ಹೌದಲ್ಲ! ಹಂಗಾರ ಚೀಲ?"

"ಮೊದಲಾ ಹೋಗ್ಯಾದ. ಅದು ಕಾವಲುಗಾರಗ ಗೊತ್ತಾಗ್ಯಾದ, ಅದಕ್ಕ ಅವನ್ನ ಕೊಂದಾರ."

"ಯಾರು ಒಯ್ದಿದ್ದು?"

"ಅದನ್ನ ನೋಡಾಕ ಕರೆಂಟ್ ಬೇಕ್ರಿ."

ಹೆಂಗಸರೆಲ್ಲ ನಕ್ಕರು. ಮಹಾಂತಯ್ಯ ಮಿಲ್ಲಿನ ಕಡೆ ತಿರುಗಿ ಕೂಗಿದರು: "ಲೇ ಗುಡುಸಾಬ, ಜನರೇಟರ್ ಹಚ್ಚಲೇ!"

ಪರದೆ ಬೆಳಗಿತು. ಪತ್ತೇದಾರ ತಾನೇ ಒಂದು ಚೀಲ ಬೆನ್ನಿಗೇರಿಸಿಕೊಂಡು ಕೆಸರಿನಲ್ಲಿ ನಡೆದ. ಬಾಗಿದ ಕುತ್ತಿಗೆ, ಇಳಿಯುವ ಬೆವರು. ಒಂದು ಗಳಿಗೆ ಪೊಲೀಸ ಯಾರು, ಹಮಾಲ ಯಾರು ತಿಳಿಯಲಿಲ್ಲ. ತಿಳಿಯಬಾರದೆಂದೇ ಹಾಗೆ ತೆಗೆದಿದ್ದರು. ಪೊಲೀಸನನ್ನು ಹಮಾಲನಿಗೆ ಸಮ ಮಾಡಿ ತೋರಿಸಲು ಎಂಥ ಧೈರ್ಯ ಆ ಜನರದು!

ಮಹಾಂತಯ್ಯ ನೋಡುತ್ತ ನೋಡುತ್ತ ನಡುಮಧ್ಯಕ್ಕೆ ಬಂದು ನಿಂತುಬಿಟ್ಟಿದ್ದರು. ದೇವದುರ್ಗದಿಂದ ಬಸ್ಸಿಗೆ ಬಂದಿದ್ದ ಪಕೀರಮ್ಮ ಹಿಂದಿನಿಂದ ಗದರಿದಳು: "ಅಯ್ಯಾರ, ಕುಂದರ್ರಿ, ಕಾಣವಲ್ದು!"

ಅವರು ಚಾಪೆಯ ಮೇಲೆ ಕುಳಿತರು. ಪರದೆಯಿಂದ ಕಣ್ಣು ತೆಗೆಯದೆ, "ಉಳಿದ ಐದೂ ಹಿಂಗಾ ಅದಾವೇನವ್ವ?" ಎಂದರು.

"ಇದಕ್ಕಿಂತ ಚಲೋ ಅದಾವ್ರಿ," ಎಂದಳು ವಿಶಾಖಾ.

"ಭತ್ತಕ್ಕ ಬ್ಯಾರೆ ಕಡಿ ಜಾಗ ನೋಡ್ತೀನಿ. ಈಗ ಮಾತಾಡಬ್ಯಾಡ."