ಬಮ್ಮಯ್ಯನ ಎಡೆ

ಪ್ರಿನ್ಸಿಪಾಲ್ ಆದಂದಿನಿಂದ ಕಲ್ಲೇಶಪ್ಪನವರ ಹತ್ತಿರ ಯಾರೂ ಸುಮ್ಮನೆ ಬಂದು ಕೂತದ್ದಿಲ್ಲ. ಬರುವವರಿಗೆಲ್ಲ ಸಹಿ ಬೇಕು, ರಜೆ ಬೇಕು, ಇಲ್ಲವೇ ಇನ್ನೊಬ್ಬರ ಮೇಲೆ ಚಾಡಿ ಹೇಳಬೇಕು. ಇತಿಹಾಸ ಪಾಠ ಮಾಡುತ್ತಿದ್ದ ಕಾಲದಲ್ಲಿ ಸೋಮವಾರಪೇಟೆ ಸಂತೆಯಲ್ಲಿ ಸಿಕ್ಕವರು, ‘ಮೇಷ್ಟ್ರೇ, ನಮ್ಮ ತೋಟದಲ್ಲೊಂದು ಹಳೇ ಕಲ್ಲಿದೆ, ಬನ್ನಿ’ ಎಂದು ಕೈ ಹಿಡಿದು ಎಳೆಯುತ್ತಿದ್ದರು. ಈಗ ನಮಸ್ಕಾರ ಹಾಕಿ ದಾರಿ ಬಿಡುತ್ತಾರೆ. ದೊಡ್ಡ ಕುರ್ಚಿಯ ಭಾಗ್ಯ ನೋಡಿ! ಮನೆಗೆ ಹೋದರೂ ಮಾತಾಡಿಸಲು ಹೆಂಡತಿಯಿಲ್ಲ, ಮಕ್ಕಳಿಲ್ಲ.

ಒಂದು ದಿನ ಆ ಚೇಂಬರಿಗೆ ಬೆಳ್ಳಿಯಪ್ಪ ಬಂದ. ಒಂದು ಕಾಲದ ಜೀವದ ಗೆಳೆಯ. ಇಬ್ಬರೂ ಕತ್ತಿ ಹಿಡಿದು ಪೊದೆ ಸವರಿ ಎಷ್ಟು ವೀರಗಲ್ಲು ಹುಡುಕಿದ್ದರೋ! ಕಾಲೇಜಿನ ಹಿಂದಿರುವ ವೀರಗಲ್ಲಿಗೆ ಬೆಳ್ಳಿಯಪ್ಪನ ಮನೆಯವರು ತಮ್ಮ ಮೂಲಪುರುಷನೆಂದು ಪ್ರತಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತಾರೆ. ಕೋಳಿ ತಿನ್ನದ ಕಲ್ಲೇಶಪ್ಪನವರಿಗೆಂದೇ ಬೇರೆ ಪಾತ್ರೆಯಲ್ಲಿ ಕಾಳುಸಾರು ಬರುತ್ತಿತ್ತು. ಆಮೇಲೆ ಇವರು ಕಲ್ಲಿನ ಸವೆದ ಅಕ್ಷರ ಓದಿದರು. ಸತ್ತವನು ಬಮ್ಮಯ್ಯ, ಬೇರೆ ಸೀಮೆಯಿಂದ ಬಂದ ಕಾವಲಿನವನು, ಮಕ್ಕಳಿಲ್ಲದ ಅವನಿಗೆ ಒಡೆಯನೇ ಕಲ್ಲು ನಿಲ್ಲಿಸಿದ ಎಂದು ಪುಸ್ತಕ ಬರೆದರು. ಡಾಕ್ಟರೇಟು ಬಂತು, ಕಾಳುಸಾರು ನಿಂತಿತು.

“ಪಾರ್ಕಿಂಗಿಗೆ ಆ ಕಲ್ಲು ಕೀಳ್ತಾರಂತೆ ಸಾರ್,” ಎಂದ ಬೆಳ್ಳಿಯಪ್ಪ.

“ನನಗೆ ಸಾರ್ ಅಂತೀಯೇನೋ? ಕೂತ್ಕೋ ಮಾರಾಯ.”

ಅವನು ಕೂರಲಿಲ್ಲ. “ಕಾಲೇಜು ಕಮಿಟಿಯೋರ ಮುಂದೆ ಒಂದು ಮಾತು ಹೇಳ್ಬಿಡಿ. ಅದು ನಮ್ಮ ಅಜ್ಜನ ಕಲ್ಲೇ, ಪುಸ್ತಕದಲ್ಲಿ ತಪ್ಪಾಗಿದೆ ಅಂತ. ಅಷ್ಟೇ ಸಾಕು. ಈ ಸಲ ಎಡೆಗೆ ನೀವೂ ಬರ್ಬೇಕು.”

ಕಲ್ಲೇಶಪ್ಪನವರಿಗೆ ಆಸೆಯಾಯಿತು. ಮುಚ್ಚಿಡುವುದೇಕೆ, ಅಳುವೇ ಬಂದಂತಾಯಿತು.

ಕಮಿಟಿಯಲ್ಲಿ ಸೆಕ್ರೆಟರಿ ಮಲ್ಲಪ್ಪ ಪುಸ್ತಕವನ್ನೇ ಹಿಡಿದು ಕೂತಿದ್ದರು. “ಕಲ್ಲು ಅವರದ್ದಲ್ಲ ಅಂತ ನೀವೇ ಬರೆದಿದ್ದೀರಲ್ಲ?” ಬಾಗಿಲಲ್ಲಿ ಬೆಳ್ಳಿಯಪ್ಪ ದಾಯಾದಿಗಳ ಜೊತೆ ನಿಂತಿದ್ದ. ಒಂದು ಸುಳ್ಳಿಗೆ ಒಬ್ಬ ಗೆಳೆಯ, ಅಗ್ಗದ ವ್ಯಾಪಾರವೇ. ಹಾಳು ನಾಲಿಗೆ ಕೇಳಬೇಕಲ್ಲ!

“ಬರೆದದ್ದು ನಿಜ. ಅದು ಬಮ್ಮಯ್ಯನ ಕಲ್ಲು. ಆದ್ರೆ ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಇಷ್ಟು ತಲೆಮಾರು ಎಡೆ ಇಟ್ಟೋರು ಇವರು. ಎಡೆ ಇಟ್ಟೋರೇ ವಾರಸುದಾರರು. ಕಲ್ಲು ಕೀಳೋದಾದ್ರೆ ಮೊದ್ಲು ನನ್ನನ್ನ ಕಿತ್ತು ಹಾಕಿ.”

ಕಲ್ಲು ಉಳಿಯಿತು. ಆದರೆ ಬೆಳ್ಳಿಯಪ್ಪನ ಕಿವಿಗೆ ಬಿದ್ದದ್ದು ಮೊದಲ ಮಾತೊಂದೇ. “ದಾಯಾದಿಗಳ ಮುಂದೆ ಮತ್ತೆ ಅದನ್ನೇ ಹೇಳಿದ್ರಲ್ಲ,” ಎಂದು ಹೊರಟುಹೋದ.

ಅಮಾವಾಸ್ಯೆಯ ದಿನ ಕಾಲೇಜಿಗೆ ರಜೆ. ಆದರೂ ಕಲ್ಲೇಶಪ್ಪನವರು ಮಡಿಪಂಚೆ ಉಟ್ಟು ಚೇಂಬರಿಗೆ ಬಂದು ಕೂತರು. ಕಿಟಕಿಯಾಚೆ ಮಕ್ಕಳು ಮರಿ ಎಲ್ಲ ಬಂದರು, ಧೂಪ ಹಾಕಿದರು, ಕೈಮುಗಿದರು. ಬೆಳ್ಳಿಯಪ್ಪ ಒಮ್ಮೆಯೂ ಈ ಕಡೆ ತಿರುಗಲಿಲ್ಲ. ಎಲ್ಲರೂ ಹೋದ ಮೇಲೆ ಇವರು ಇಳಿದು ಹೋದರು.

ಅಕ್ಷರಗಳ ಮೇಲೆ ದಪ್ಪಗೆ ಸುಣ್ಣ ಬಳಿದು ಕುಂಕುಮ ಮೆತ್ತಿದ್ದರು. ಬಮ್ಮಯ್ಯನ ಹೆಸರು ಇನ್ನು ಯಾರೂ ಓದುವಂತಿರಲಿಲ್ಲ. ಇತಿಹಾಸಕಾರನಿಗೆ ಕೋಪ ಬರಬೇಕಿತ್ತು, ಹೊಟ್ಟೆಕಿಚ್ಚು ಬಂತು. ಎಲೆಯ ಮೇಲೆ ಕಡುಬು ಇನ್ನೂ ಬಿಸಿಯಾಗಿತ್ತು.

ಪಂಚೆ ಎತ್ತಿಕೊಂಡು ಪಕ್ಕದಲ್ಲಿ ಕೂತರು.

“ನೀನೇ ಪುಣ್ಯವಂತ ಕಣೋ ಬಮ್ಮಯ್ಯ,” ಎಂದರು. “ನಿನ್ನ ಹೆಸರು ಯಾರಿಗೂ ಬೇಡ, ಆದ್ರೂ ಊಟಕ್ಕೆ ಕರೀತಾರೆ. ನನ್ನ ಹೆಸರು ಬೋರ್ಡಿನ ಮೇಲಿದೆ ನೋಡು.”