ಬಣ್ಣ ಹಾಕದ ಒಂದು ಗಾಜು

ಕಾಲ್ಮಾನ್ ಮಾಮ ಬೀಗದ ಕೈಯನ್ನು ಎರಡು ಸಲ ತಿರುಗಿಸಿದ. ಬೀಗ ಜಗ್ಗಲಿಲ್ಲ. ಹೊರಗೆ ತೆಗೆದು, ಕೋಟಿನ ತೋಳಿಗೆ ಒರೆಸಿ ಮತ್ತೆ ತೂರಿಸಿದ. ಹಿಂದೆ ಬೀದಿಯಲ್ಲಿ ಕುದುರೆಗಾಡಿ ಕಾಯುತ್ತಿತ್ತು. ಗಾಡಿಯ ಮೇಲೆ, ಕರಿ ಬಟ್ಟೆ ಹೊದಿಸಿದ ಪೆಟ್ಟಿಗೆಯೊಳಗೆ ಲಿಪೋತ್ ಇದ್ದ. ಪ್ರಾರ್ಥನಾಮಂದಿರವಾದ ಸಿನಗಾಗಿಗಾಗಿ ದುಡಿದವನ ಹೆಣ ಅದರ ಮುಂದೆ ಬಂದು ನಿಂತಾಗ ಬಾಗಿಲು ತೆರೆದಿರಬೇಕು. ಈ ಊರಿನ ಯೆಹೂದಿಗಳು ಸತ್ತವರಿಗೆ ಕೊಡುವ ಕೊನೆಯ ಮರ್ಯಾದೆ ಅದು.

"ಇಪ್ಪತ್ತು ವರ್ಷದಿಂದ ಇವನೇ ತೆಗೀತಿದ್ದ. ಬೀಗಾನೂ ಇವನ ಮಾತೇ ಕೇಳೋ ಹಾಗೆ ಮಾಡಿಟ್ಟು ಹೋದ ನೋಡು," ಎಂದು ಮಾಮ ಗೊಣಗಿದ.

ಲಿಪೋತನ ಹೆಂಡತಿ ಶಾರಿ ಮುಂದೆ ಬಂದು, ಬೀಗದ ಕೈಯನ್ನು ತುಸು ಮೇಲಕ್ಕೆತ್ತಿ ತಿರುಗಿಸಿದಳು. ಬಾಗಿಲು ತೆರೆಯಿತು. ಬೆಳಿಗ್ಗೆ ಕತ್ತರಿಯಿಂದ ಸೀಳಿದ ಅವಳ ಕೋಟಿನ ಕೊರಳಪಟ್ಟಿ ಗಾಳಿಗೆ ಅಲ್ಲಾಡುತ್ತಿತ್ತು. ಗಂಡ ಸತ್ತವಳು ಬಟ್ಟೆ ಸೀಳಿಕೊಳ್ಳಬೇಕು. ಎಷ್ಟು ಸೀಳಬೇಕೆಂದು ಶಾಸ್ತ್ರದಲ್ಲಿ ಅಳತೆ ಇದೆ, ಎದೆಯೊಳಗಿನದಕ್ಕೆ ಇಲ್ಲ.

ರಬ್ಬಿ ಮಂತ್ರ ಹೇಳುತ್ತಿರುವಾಗಲೇ ಕಾಲ್ಮಾನ್ ಮಾಮ ಅವಳ ಪಕ್ಕಕ್ಕೆ ಬಂದು ನಿಂತ. ಅವನು ಸಿನಗಾಗಿನ ಸಮಿತಿಯ ಹಿರಿಯ. ಸಮಿತಿಯಲ್ಲಿ ಉಳಿದಿರುವವರೇ ನಾಲ್ವರು. ಹನ್ನೆರಡನೆಯ ಕಿಟಕಿಯ ಕೆಳಸಾಲಿನಲ್ಲಿ ಬಣ್ಣ ಹಾಕದೆ ಬಿಟ್ಟ ಗಾಜು ಒಂದಿದೆಯಲ್ಲ, ಅಲ್ಲಿ ಲಿಪೋತನ ಹೆಸರು ಬರೆಸಬೇಕೆಂದು ನಿನ್ನೆ ತೀರ್ಮಾನವಾಗಿದೆ ಎಂದ. ಬುಡಾಪೆಸ್ಟಿನಿಂದ ಏರ್ನೊ ಬಂದಿದ್ದಾನೆ, ಲಿಪೋತನ ಹಾಗೆ ಅವನದೂ ಗಾಜಿನ ಕಸುಬೇ. ಐದು ಗಂಟೆಯ ರೈಲಿಗೆ ಹೋಗುವ ಮೊದಲು ಅಳತೆ ತೆಗೆದುಕೊಳ್ಳುತ್ತಾನೆ. ಮಾಮ ದನಿ ತಗ್ಗಿಸಿ, "ಅವನ ಮಗಳ ಹೆಸರೂ ಬರೆಸಿಬಿಡೋಣ ಶಾರಿ. ನೀನು ಹೂಂ ಅಂದರೆ," ಎಂದ.

ಶಾರಿ ಗಾಡಿಯ ಮೇಲಿನ ಪೆಟ್ಟಿಗೆಯನ್ನು ನೋಡಿದಳು. ಅದರೊಳಗಿದ್ದವನು ಈ ಒಂದು ವಿಷಯದಲ್ಲಿ ಯಾರ ಮಾತನ್ನೂ ಕೇಳಿದವನಲ್ಲ.

"ಹೂಂ," ಎಂದಳು.

* * *

ನಲವತ್ತನಾಲ್ಕರ ಬೇಸಿಗೆಯಲ್ಲಿ ಊರಿನ ಯೆಹೂದಿಗಳನ್ನೆಲ್ಲ ಗೂಡ್ಸ್ ಗಾಡಿಗೆ ತುಂಬಿ ನಾಜಿಗಳ ಶಿಬಿರಕ್ಕೆ ಕಳಿಸಿದಾಗ ಲಿಪೋತ್ ಊರಲ್ಲಿರಲಿಲ್ಲ. ಗಂಡಸರನ್ನು ಮೊದಲೇ ಸೈನ್ಯದ ಬಿಟ್ಟಿ ಕೆಲಸಕ್ಕೆ ಎಳೆದುಕೊಂಡು ಹೋಗಿದ್ದರು. ಅವನು ಬದುಕಿ ಬಂದದ್ದು ಹಾಗೆ. ಬಂದು ನೋಡಿದರೆ ಅವನ ಮನೆಯಲ್ಲಿ ಬೇರೆ ಯಾರೋ ಸಂಸಾರ ಹೂಡಿದ್ದರು, ಸಿನಗಾಗಿನ ಹನ್ನೆರಡು ಕಿಟಕಿಗಳಲ್ಲಿ ಒಂದು ಗಾಜೂ ಉಳಿದಿರಲಿಲ್ಲ. ಅವನ ಮೊದಲ ಹೆಂಡತಿ ಇಲೋನಾ ದಾರಿಯಲ್ಲೇ ಸತ್ತಳೆಂದು ಅದೇ ಗಾಡಿಯಲ್ಲಿದ್ದು ಬದುಕಿ ಬಂದ ಹೆಂಗಸೊಬ್ಬಳು ಹೇಳಿದಳು. ಆರು ವರ್ಷದ ಮಗಳು ಯುದಿತಳ ಕೈಯನ್ನು ಯಾರೋ ಹಿಡಿದುಕೊಂಡು ಇಳಿಸಿದರಂತೆ. ಆಮೇಲಿನದನ್ನು ಅವಳು ನೋಡಲಿಲ್ಲವಂತೆ.

ಶಾರಿ ಅವನನ್ನು ಮದುವೆಯಾದದ್ದು ನಲವತ್ತೇಳರಲ್ಲಿ. ಇಬ್ಬರಿಗೂ ಯಾರೂ ಇರಲಿಲ್ಲ, ಅದೇ ಜಾತಕ. ಸಿನಗಾಗಿನ ಕಿಟಕಿಗಳಿಗೆ ಅವನು ಗಾಜು ಕೊಯ್ಯುತ್ತಿದ್ದ, ತುಂಡುಗಳನ್ನು ಜೋಡಿಸುವ ಸೀಸದ ಪಟ್ಟಿಯನ್ನು ಅವಳು ಹಿಡಿಯುತ್ತಿದ್ದಳು. ಸಿನಗಾಗಿನಲ್ಲಿ ಮನುಷ್ಯರ ಮುಖ ಬರೆಯುವಂತಿಲ್ಲ. ಆದ್ದರಿಂದ ಮೇಲೆ ಸಿಂಹ, ಜಿಂಕೆ, ಹಡಗು, ದಾಳಿಂಬೆ. ಕೆಳಸಾಲಿನಲ್ಲಿ, ಬೆಂಚಿನ ಮೇಲೆ ಕೂತವರ ಕಣ್ಣಿಗೆ ಸಿಗುವಂತೆ, ಹಿಂತಿರುಗಿ ಬಾರದವರ ಹೆಸರುಗಳು. ಮೂರನೆಯ ಕಿಟಕಿಯಲ್ಲಿ ಶಾರಿ ತನ್ನ ಅಪ್ಪ, ಅಮ್ಮ, ಇಬ್ಬರು ತಮ್ಮಂದಿರ ಹೆಸರುಗಳನ್ನು ತಾನೇ ಕುಂಚ ಹಿಡಿದು ಬರೆದಳು. ಐದನೆಯದರಲ್ಲಿ ಲಿಪೋತ್ ಇಲೋನಾಳ ಹೆಸರು ಬರೆದ. ಹನ್ನೆರಡನೆಯದು ಮುಗಿಯುತ್ತ ಬಂದಾಗ ಶಾರಿ, "ಯುದಿತಳದು?" ಎಂದು ಕೇಳಿದಳು.

ಅವನು ಕುಂಚವನ್ನು ತೊಳೆದು, ಒರೆಸಿ, ಕೆಳಗಿಟ್ಟ.

"ಗಾಜಿನ ಮೇಲೆ ಬರೆದು ಒಲೇಲಿ ಸುಟ್ಟಮೇಲೆ ಅಳಿಸೋಕಾಗಲ್ಲ, ಶಾರಿ."

ಅಲ್ಲಿಗೆ ಆ ಜಾಗಕ್ಕೆ ಬಣ್ಣವಿಲ್ಲದ, ನೀರಿನಂಥ ಗಾಜು ಬಂತು. ಯೆರೂಸಲೇಮಿನ ಗುಡಿ ಬಿದ್ದ ನೆನಪಿಗೆ ಮನೆಯ ಗೋಡೆಯಲ್ಲಿ ಒಂದು ಮೊಳ ಜಾಗಕ್ಕೆ ಸುಣ್ಣ ಬಳಿಯದೆ ಬಿಡುವ ಜನ ನಾವು, ಇದೂ ಅದೇ ಎಂದು ರಬ್ಬಿ ಎಲ್ಲರಿಗೂ ವಿವರಿಸಿದ. ಲಿಪೋತ್ ಗಾಜಿನ ಅಂಚಿಗೆ ಸೀಸ ಒತ್ತುತ್ತ ಕೇಳಿಸಿಕೊಂಡ. ಸತ್ತವರಿಗಾಗಿ ಹೇಳುವ ಕದ್ದಿಶ್ ಮಂತ್ರವನ್ನು ಇಲೋನಾಳಿಗಾಗಿ ಹೇಳಿದ, ಮಗಳಿಗಾಗಿ ಒಂದು ದಿನವೂ ಹೇಳಲಿಲ್ಲ.

ಮನೆಯಲ್ಲೂ ಅದೇ ಕತೆ. ಯುದಿತಳಿಗೆಂದು ಹಾಸಿಗೆ ಹಾಸಿದ ಪುಟ್ಟ ಮಂಚವೊಂದು ಗೋಡೆಯ ಬದಿಗಿತ್ತು. ನಮಗೊಂದು ಮಗು ಎಂದು ಶಾರಿ ಬಾಯಿಬಿಟ್ಟಾಗಲೆಲ್ಲ ಅವನು, "ಇನ್ನೊಂದು ವರ್ಷ ನೋಡೋಣ. ಅವಳು ಬಂದು, ತನ್ನ ಮಂಚದಲ್ಲಿ ಇನ್ನೊಂದು ಮಗು ಮಲಗಿರೋದನ್ನ ನೋಡಿದರೆ ಏನಂದ್ಕೋತಾಳೆ?" ಎನ್ನುತ್ತಿದ್ದ. ಹೀಗೆ ಒಂದೊಂದೇ ವರ್ಷ ನೋಡುತ್ತ ಶಾರಿಗೆ ನಲವತ್ತೈದಾಯಿತು. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಅವನು ಒಳ್ಳೆಯ ಗಂಡ. ಕೈ ಎತ್ತಿದವನಲ್ಲ, ಕುಡಿದವನಲ್ಲ. ಅವನನ್ನು ಬೈಯಲು ಒಂದು ಕಾರಣವೂ ಸಿಗದೆ ಅವಳು ಎಷ್ಟೋ ಸಲ ಬಚ್ಚಲಲ್ಲಿ ಕೂತು ಅತ್ತಿದ್ದಳು.

* * *

ಸ್ಮಶಾನದಲ್ಲಿ ಮಣ್ಣು ಒದ್ದೆಯಾಗಿತ್ತು. ಕದ್ದಿಶ್ ಹೇಳಲು ಮಗನಿರಲಿಲ್ಲ, ಕಾಲ್ಮಾನ್ ಮಾಮನೇ ಹೇಳಿದ. ಹೊರಡುವಾಗ, ನಾಳೆಯಿಂದ ಹುಡುಗಿಗೂ ಸೇರಿಸಿಯೇ ಹೇಳುತ್ತೇವೆ, ಪಾಪ, ಇಪ್ಪತ್ತನಾಲ್ಕು ವರ್ಷದಿಂದ ಅವಳಿಗೆ ಮಂತ್ರವಿಲ್ಲ ಎಂದ. ಶಾರಿಗೂ ಅದು ಸರಿಯೆನಿಸಿತು. ಮಂಚವನ್ನು ಯಾರಿಗಾದರೂ ಕೊಟ್ಟುಬಿಡಬೇಕು. ಮುಗಿಯಲಿ. ಗೇಟಿನ ಬಳಿ ಎಲ್ಲರ ಜೊತೆ ಕೈ ತೊಳೆದುಕೊಂಡು, ಸಿನಗಾಗಿಗೆ ತಾನೂ ಬರುತ್ತೇನೆಂದಳು.

"ಮೊದಲು ಮನೆಗೆ ಹೋಗಿ ಸೂತಕಕ್ಕೆ ಕೂತ್ಕೋ. ನಿನ್ನ ಗೆಳತಿ ಮಾರ್ಗಿತ್ ಶಾಸ್ತ್ರದ ಮೊಟ್ಟೆ ಬೇಯಿಸಿಟ್ಟು ಕಾಯ್ತಿದಾಳೆ. ಇವತ್ತು ನೀನು ಬೀದಿ ಸುತ್ತೋ ಹಾಗಿಲ್ಲ," ಎಂದು ಮಾಮ ಗದರಿದ.

"ಮೊಟ್ಟೆ ಎಲ್ಲಿಗೂ ಹೋಗಲ್ಲ ಮಾಮ. ರೈಲು ಹೋಗುತ್ತೆ."

ಸಿನಗಾಗಿನ ಒಳಗೆ ಯಾರೂ ಇರಲಿಲ್ಲ. ಬಿಸಿಲು ಹನ್ನೆರಡು ಕಿಟಕಿಗಳಿಂದ ಖಾಲಿ ಬೆಂಚುಗಳ ಮೇಲೆ ಬಿದ್ದಿತ್ತು. ಮುನ್ನೂರು ಜನ ಕೂರುವ ಕಡೆ ಈಗ ಶನಿವಾರಕ್ಕೆ ಹತ್ತು ಜನ ಸೇರಿದರೆ ಹೆಚ್ಚು. ಏರ್ನೊ ಹನ್ನೆರಡನೆಯ ಕಿಟಕಿಯ ಮುಂದೆ ನಿಂತು ಚೀಲದಿಂದ ಕಂದು ಕಾಗದ, ಪೆನ್ಸಿಲು ತೆಗೆದ. ಬೆಳಗಿನಿಂದ ನಿಂತೇ ಇದ್ದ ಶಾರಿ ಪಕ್ಕದಲ್ಲಿದ್ದ ಬೆಂಚಿನ ಮೇಲೆ ಕೂತಳು. ಅದು ಲಿಪೋತನ ಜಾಗ. ಹೆಂಗಸರು ಕೂರುವುದು ಮೇಲಿನ ಅಂತಸ್ತಿನಲ್ಲಿ. ಇಪ್ಪತ್ತು ವರ್ಷ ಅವಳು ಅಲ್ಲಿಂದ ಕಂಡದ್ದು, ಪ್ರಾರ್ಥನೆಯ ಹೊತ್ತಿನಲ್ಲೂ ಎಡಕ್ಕೆ ವಾಲಿರುತ್ತಿದ್ದ ಅವನ ತಲೆಯನ್ನು ಮಾತ್ರ. "ನಿನ್ನ ಗಂಡ ದೇವರ ಕಡೆ ತಿರುಗೋದೇ ಇಲ್ವಲ್ಲೇ, ತಾನು ಮಾಡಿದ ಕಿಟಕೀನೇ ನೋಡ್ಕೊಂಡು ಕೂರ್ತಾನೆ," ಎಂದು ಮಾರ್ಗಿತ್ ಛೇಡಿಸುತ್ತಿದ್ದಳು. ಶಾರಿಯೂ ನಗುತ್ತಿದ್ದಳು.

ಅವನು ಕೂರುತ್ತಿದ್ದಂತೆಯೇ ಅವಳೂ ಎಡಕ್ಕೆ ತಿರುಗಿದಳು.

ಬಣ್ಣದ ಗಾಜುಗಳಾಚೆ ಏನೂ ಕಾಣುತ್ತಿರಲಿಲ್ಲ. ಈ ಒಂದು ಗಾಜಿನಾಚೆ ಬೀದಿ ಇತ್ತು. ಬೀದಿಯ ಆ ಬದಿಗೆ, ಗಾಜಿಗೆ ಅಳೆದು ಕೂರಿಸಿದ ಹಾಗೆ, ಹಸಿರು ಬಾಗಿಲೊಂದಿತ್ತು. ಇಲೋನಾ ಬಾಳಿದ ಮನೆಯ ಬಾಗಿಲು, ಯುದಿತ್ ಹುಟ್ಟಿದ ಮನೆ. ಈಗ ಅಲ್ಲಿ ಬೇರೆಯವರು. ಬದುಕಿದ್ದು ಹಿಂತಿರುಗಿ ಬಂದರೆ ಆ ಹುಡುಗಿಗೆ ಗೊತ್ತಿದ್ದ ವಿಳಾಸ ಅದೊಂದೇ.

ಅವನು ಕಿಟಕಿ ನೋಡುತ್ತಿರಲಿಲ್ಲ. ಇಪ್ಪತ್ತು ವರ್ಷ ಬಾಗಿಲು ಕಾಯುತ್ತಿದ್ದ.

ಶಾರಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಒಂದು ಮಾತು ಹೇಳಬಾರದಿತ್ತೇ? ಹೇಳಿದ್ದರೆ ಸರದಿಯ ಮೇಲೆ ಇಬ್ಬರೂ ಕಾಯುತ್ತಿದ್ದೆವಲ್ಲ. ಜ್ವರ ಬಂದಾಗಲೂ ಇಲ್ಲಿಗೆ ಎದ್ದು ಹೋಗುತ್ತಿದ್ದವನನ್ನು ಎಷ್ಟು ಸಲ ತಡೆದಿದ್ದೆ. ಪಕ್ಕದ ಗಾಜುಗಳ ಹೊರಮೈಯೆಲ್ಲ ಧೂಳು ಹಿಡಿದಿತ್ತು, ಇದು ಮಾತ್ರ ಥಳಥಳ ಹೊಳೆಯುತ್ತಿತ್ತು. ಕಳೆದ ವಾರ ಎದೆ ಹಿಡಿದುಕೊಂಡು ಬಿದ್ದನಲ್ಲ, ಅದಕ್ಕೆ ಹಿಂದಿನ ದಿನವೂ ಬಂದು ಒರೆಸಿರಬೇಕು.

ಏರ್ನೊ ಗಾಜಿನ ಮೇಲೆ ಕಾಗದ ಒತ್ತಿ ಹಿಡಿದು ಅಂಚು ಗುರುತು ಮಾಡತೊಡಗಿದ. ಹುಡುಗಿಯ ಹೆಸರು ಗೊತ್ತು, ಇಸವಿಯನ್ನು ಒಮ್ಮೆ ಖಚಿತ ಮಾಡಿಬಿಡಿ ಎಂದ.

"ಹುಟ್ಟಿದ್ದು ಮೂವತ್ತೆಂಟು. ಸತ್ತದ್ದು ನಲವತ್ತನಾಲ್ಕು ಅಂತ್ಲೇ ಹಾಕಲಾ?"

ಕಾಲ್ಮಾನ್ ಮಾಮ ಶಾರಿಯ ಕಡೆ ನೋಡಿದ. ಶಾರಿ ಕಾಗದದ ಅಂಚಿನಿಂದ ಹೊರಗೆ ನೋಡುತ್ತಿದ್ದಳು. ನಿಲ್ದಾಣದ ಕಡೆಯಿಂದ ಹೆಂಗಸೊಬ್ಬಳು ನಡೆದು ಬರುತ್ತಿದ್ದಳು. ಕೈಯಲ್ಲಿ ಚೀಲ, ತಲೆಗೆ ವಸ್ತ್ರ, ವಯಸ್ಸು ಮೂವತ್ತರ ಆಸುಪಾಸು. ಹಸಿರು ಬಾಗಿಲಿನ ಹತ್ತಿರ ಬಂದಾಗ ಅವಳ ನಡಿಗೆ ನಿಧಾನವಾಯಿತು.

ತಾನು ಎದ್ದು ನಿಂತದ್ದು ಶಾರಿಗೆ ತಿಳಿಯಲಿಲ್ಲ. ಮುಂದಿನ ಬೆಂಚನ್ನು ಎರಡು ಕೈಯಿಂದ ಹಿಡಿದು ಬಗ್ಗಿದ್ದಳು.

"ಶಾರಿ, ನಲವತ್ತನಾಲ್ಕು ತಾನೇ?" ಎಂದು ಮಾಮ ಮೆಲ್ಲಗೆ ಕೇಳಿದ.

"ಸ್ವಲ್ಪ ಆ ಕಡೆ ಸರ್ಕೊಳ್ಳಿ ಏರ್ನೊ," ಎಂದಳು ಶಾರಿ. "ಬಾಗಿಲು ಕಾಣಿಸ್ತಾ ಇಲ್ಲ."